ವಕೀಲರ ಕಾರಿಗೆ ಕಿವಿ ಕೊಟ್ಟ ವರ್ಷಗಳು

ಗಾಡಿ ರಿಪೇರಿ ಮಾಡುವವನ ಬದುಕಿನಲ್ಲಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಊರಿನ ದೊಡ್ಡ ಮನುಷ್ಯರು ಶೆಡ್ಡಿನ ಬಾಗಿಲಿಗೆ ಬಂದು, ಅತ್ತಿತ್ತ ನೋಡಿ, ತಮ್ಮ ಗಾಡಿ ಮಾಡುವ ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸುತ್ತಾರೆ. ಒಬ್ಬರು 'ಗರ್ರ್' ಅನ್ನುತ್ತಾರೆ, ಇನ್ನೊಬ್ಬರು 'ಕುಂಯ್' ಅನ್ನುತ್ತಾರೆ. ನಾವು ನಗಬಾರದು. ನಕ್ಕರೆ ಅವರು ಬೇರೆ ಶೆಡ್ಡಿಗೆ ಹೋಗಿ ಅದೇ ಶಬ್ದ ಮಾಡುತ್ತಾರೆ.

ಐವತ್ತರ ದಶಕದ ಕೊನೆಗೆ ಪುತ್ತೂರಿನಲ್ಲಿ ನನ್ನ ಶೆಡ್ಡು ಇದ್ದದ್ದು ಒಬ್ಬ ವಕೀಲರ ಜಾಗದಲ್ಲಿ. ಅವರು ಊರು ಬಿಟ್ಟು ಹೋಗುತ್ತಿದ್ದ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬನ ಹಳೆಯ ಕಾರನ್ನು ಕೊಂಡರು. ಎರಡೇ ಸೀಟು, ನೆಲಕ್ಕೆ ತಾಗುವಷ್ಟು ತಗ್ಗು, ಮೇಲೆ ಬಟ್ಟೆಯ ಮಾಡು. ರೇಸಿಗೆಂದೇ ಮಾಡಿದ್ದಂತೆ. ನಮ್ಮ ರಸ್ತೆಯಲ್ಲಿ ಎತ್ತಿನ ಗಾಡಿಯ ಹಿಂದೆ ಹೋಗುವಾಗಲೂ ವಕೀಲರ ಮಟ್ಟಿಗೆ ಅದು ರೇಸಿನ ಕಾರೇ. ಎಂಜಿನ್ ಗಟ್ಟಿಯಿತ್ತು. ಆದರೆ ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಏನೇನಿತ್ತೋ ಅದೆಲ್ಲ ಒಂದೊಂದಾಗಿ ಮಾತಾಡಲು ಶುರುಮಾಡಿತು. ಜಾಗ ಅವರದ್ದು, ಹಾಗಾಗಿ ಕಿವಿ ನನ್ನದು.

ಎಡಗಾಲು

ಮೊದಲು ಬಂದದ್ದು ಕೀರಲು ಶಬ್ದ. ಕ್ಲಚ್ ಒತ್ತಿದರೆ ಕೀರುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಕ್ಲಚ್ಚಿನ ಬೇರಿಂಗ್ ಹೋಗಿದೆ ಎಂದೆ. ಗೇರ್‌ಬಾಕ್ಸ್ ಕೆಳಗಿಳಿಸಿ, ಎರಡು ದಿನ ಕಾರಿನ ಅಡಿಯಲ್ಲೇ ಬಿದ್ದಿದ್ದು ಹೊಸತು ಹಾಕಿದೆ. ನಾಲ್ಕು ತಿಂಗಳಿಗೆ ಅದೂ ಕೀರಿತು. ಮತ್ತೆ ಹಾಕಿದೆ. ಮತ್ತೆ ಮೂರು ತಿಂಗಳು.

ಕಾರಣ ತಿಳಿಯಲು ಒಂದು ದಿನ ಅವರ ಪಕ್ಕ ಕೂತು ನರಿಮೊಗರಿನವರೆಗೆ ಹೋದೆ. ಹೋಗಿ ಬರುವವರೆಗೂ ವಕೀಲರ ಎಡಗಾಲು ಕ್ಲಚ್ಚಿನ ಮೇಲೆಯೇ ಇತ್ತು. ಆರಾಮಕುರ್ಚಿಯಲ್ಲಿ ಕೂತವರು ಮಣೆಯ ಮೇಲೆ ಕಾಲಿಟ್ಟ ಹಾಗೆ. ನಾನು ಬಹಳ ನಯವಾಗಿಯೇ, ಗೇರ್ ಬದಲಿಸುವಾಗ ಬಿಟ್ಟರೆ ಕಾಲು ಅಲ್ಲಿಂದ ತೆಗೆದಿಡಬೇಕು ಎಂದೆ.

ಅವರು ಕಾರು ನಿಲ್ಲಿಸಿ ನನ್ನನ್ನು ಪಾಟೀಸವಾಲಿಗೆ ಹಿಡಿದರು. ಕಾಲಿನಿಂದ ಬೇರಿಂಗ್ ಸವೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆಯೇ? ಇಲ್ಲ. ದೊರೆಯ ಕಾಲದಲ್ಲಿ ಈ ಶಬ್ದ ಇರಲಿಲ್ಲವೆಂದು ನನಗೆ ಗೊತ್ತಿದೆಯೇ? ಇಲ್ಲ. ಹಾಗಾದರೆ ದೊರೆಯ ಕಾಲನ್ನು ಬಿಟ್ಟು ಇವರ ಕಾಲಿನ ಮೇಲೆಯೇ ಅಪವಾದ ಯಾಕೆ?

ಕೊನೆಗೆ ಅವರು ತೀರ್ಪನ್ನೂ ಕೊಟ್ಟರು. "ನೋಡು ಮಾರಾಯ, ಕಾಲು ನನ್ನದು, ಅದನ್ನು ಬದಲಾಯಿಸಲಿಕ್ಕೆ ಆಗುದಿಲ್ಲ. ನೀನು ಬೇರಿಂಗ್ ಬದಲಾಯಿಸು."

ಸುಳ್ಯದ ದಾರಿ

ಆಮೇಲೆ ಅಡಿಯಿಂದ 'ಟಣ್' ಎಂದು ಹೊಡೆಯತೊಡಗಿತು. ಆಕ್ಸಿಲೇಟರಿನಿಂದ ಕಾಲು ತೆಗೆದರೆ ಒಮ್ಮೆ, ಮತ್ತೆ ಒತ್ತಿದರೆ ಒಮ್ಮೆ. ಆದರೆ ಶೆಡ್ಡಿನ ಹತ್ತಿರ ಅದು ಎಂದೂ ಬಾಯಿ ಬಿಡಲಿಲ್ಲ. ಸುಳ್ಯದ ಏರುತಗ್ಗಿನಲ್ಲಿ ಮಾತ್ರ ಕೇಳುತ್ತದೆ ಎಂದರು ವಕೀಲರು. ಅವರಿಗೆ ಆ ದಿನ ಸುಳ್ಯದ ಕಕ್ಷಿಗಾರನಲ್ಲಿ ಕೆಲಸವಿತ್ತು, ಪಕ್ಕದ ಸೀಟಿನಲ್ಲಿ ಗುಮಾಸ್ತರು ಕಡತ ಹಿಡಿದು ಕೂತಿದ್ದರು. ನಾನು ಸೀಟಿನ ಹಿಂದಿನ ಇಕ್ಕಟ್ಟಿನಲ್ಲಿ ಅಡ್ಡ ಮಲಗಿ, ಅಡಿ ಹಲಗೆಗೆ ಕಿವಿ ಒತ್ತಿದೆ. ಮಾಡಿನ ಹಿಂದಿನ ಪರದೆ ಎತ್ತಿ ಕಾಲೆರಡನ್ನೂ ಹೊರಗೆ ಸ್ಟೆಪ್ನಿ ಟಯರಿನ ಮೇಲೆ ಚಾಚಿದೆ. ಕೆಂಪು ಧೂಳು ತಡೆಯದೆ ಹೆಗಲ ಮೇಲಿನ ಬಿಳಿ ಬೈರಾಸನ್ನು ಮುಖದ ಮೇಲೆ ಎಳೆದುಕೊಂಡೆ.

ಕುಂಬ್ರ ದಾಟುವಾಗ ಶಬ್ದ ಕೇಳಿತು. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಉದ್ದದ ಶಾಫ್ಟಿನ ಜಾಯಿಂಟು ಸವೆದಿತ್ತು. ಆದರೆ ನಾನು ಏಳುವ ಹಾಗಿರಲಿಲ್ಲ, ಎದ್ದರೆ ತಲೆ ಮಾಡಿಗೆ ಬಡಿಯುತ್ತಿತ್ತು. ಮುಂದೆ ಕಾವು ಎಂಬ ಊರಿನಲ್ಲಿ ಕಾರು ನಿಧಾನಿಸಿದಾಗ ಅಂಗಡಿಯ ಎದುರು ಕೂತವರು ಎದ್ದು ನಿಂತದ್ದು, ಒಬ್ಬರು ತಲೆಯ ಮುಂಡಾಸು ತೆಗೆದದ್ದು ಬೈರಾಸಿನ ಸಂದಿಯಿಂದ ಕಂಡಿತು. ಊರಿಗೆ ಯಾರೋ ದೊಡ್ಡವರು ಬಂದಿರಬೇಕು ಎಂದುಕೊಂಡೆ.

ಸಂಜೆ ಮನೆಗೆ ಬಂದರೆ ಅಂಗಳ ತುಂಬ ಜನ. ಐವರ್ನಾಡಿನ ನಮ್ಮ ಸಂಬಂಧಿಕರೊಬ್ಬರು ಕಾವಿನಲ್ಲಿ ನನ್ನ ಕಾಲಿನ ಗುರುತು ಹಿಡಿದು, ಸಿಕ್ಕಿದ ಬಸ್ಸು ಹತ್ತಿ ಸುದ್ದಿ ತಂದಿದ್ದರು. ನನ್ನನ್ನು ನೋಡಿ ಹೆಂಡತಿಯ ಅಳು ತಟ್ಟನೆ ನಿಂತಿತು. ಅಷ್ಟು ಜನರ ಎದುರು ಅತ್ತದ್ದಕ್ಕೆ ಅವಳಿಗೆ ನಾಚಿಕೆ. ಐವರ್ನಾಡಿನವರು ಒಂದು ದಿನದ ಕೆಲಸ ಹಾಳಾಯಿತೆಂದು ಸಿಟ್ಟಾದರು. ಸತ್ತೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ ಎಂಬಂತೆ ನಾನು ಎಲ್ಲರಲ್ಲೂ ಕ್ಷಮೆ ಕೇಳಿ ಕಾಫಿ ಕೊಡಿಸಿ ಕಳಿಸಿದೆ.

ಕೋಟು ಹಾಕಿದವರು

ಇಷ್ಟೆಲ್ಲ ಆಗಿ ಜಾಯಿಂಟು ಎಂದು ಹೇಳಿದರೆ ವಕೀಲರು ನಂಬಲಿಲ್ಲ. ಮಂಗಳೂರಿನಿಂದ ಕೋಟು ಹಾಕಿದ ಎಂಜಿನಿಯರೊಬ್ಬರನ್ನು ಕರೆಸಿದರು. ಅವರು ನನ್ನ ಶೆಡ್ಡಿನ ಒಂದೇ ಕುರ್ಚಿಯಲ್ಲಿ ಕೂತು, ವಕೀಲರು ಒಳಗೆ ಹೋದಾಗ ಮೆಲ್ಲಗೆ, "ಎಂತ ಆಗಿದೆ ಅದಕ್ಕೆ?" ಎಂದು ಕೇಳಿದರು. ನಾನು ಹೇಳಿದೆ. ವಕೀಲರು ಹೊರಗೆ ಬಂದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

ವಕೀಲರು ನನ್ನ ಕಡೆ ತಿರುಗಿ, "ಕೇಳಿದೆಯಾ? ಕಲಿತವರು ಕಾರಿನ ಅಡಿಗೆ ಹೋಗುದೇ ಬೇಡ," ಎಂದರು. ಆಮೇಲೆ ಅಡಿಗೆ ಹೋದದ್ದು ನಾನು.

ವಕೀಲರ ಹೆಂಡತಿ

ವಕೀಲರ ಹೆಂಡತಿ ಆ ಕಾರಿನಲ್ಲಿ ಕೂತದ್ದು ನಾನು ಕಂಡ ಹಾಗೆ ಎರಡು ಸಲ. ಪಕ್ಕದ ಸೀಟು ಯಾವಾಗಲೂ ಗುಮಾಸ್ತರದ್ದು. ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ಒಂದು ಸಲ ಶೆಡ್ಡಿನ ಹತ್ತಿರ ಬಂದು, ಎರಡರಿಂದ ಮೂರನೇ ಗೇರಿಗೆ ಹಾಕುವಾಗ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಕೇಳುತ್ತದೆ, ದಿನಾ ಕಾರು ಗೇಟು ದಾಟಿದ ಮೇಲೆ ಮನೆಯೊಳಗೇ ಕೇಳುತ್ತದೆ, ಯಜಮಾನರಿಗೆ ಹೇಳಿದರೆ ಬೈಯುತ್ತಾರೆ ಎಂದರು. ನಾನು ಎಣ್ಣೆ ಬದಲಿಸುವ ನೆಪ ಮಾಡಿ ಗೇರ್‌ಬಾಕ್ಸಿನ ಅಡಿಯ ಬಿರಡೆ ತೆಗೆದೆ. ಎಣ್ಣೆಯ ಜೊತೆ ಗೇರಿನ ಹಲ್ಲಿನ ಒಂದು ಚೂರು ಬಂತು. ಇನ್ನು ಹತ್ತು ದಿನ ಓಡಿದ್ದರೆ ಗೇರ್‌ಬಾಕ್ಸ್ ಪೂರ್ತಿ ಪುಡಿಯಾಗುತ್ತಿತ್ತು.

ವಕೀಲರು ಆ ಚೂರನ್ನು ಕರವಸ್ತ್ರದಲ್ಲಿ ಕಟ್ಟಿ ಕೋರ್ಟಿಗೆ ಒಯ್ದು, ತಮ್ಮ ಕಿವಿ ಎಷ್ಟು ಚುರುಕೆಂದು ವಾರಗಟ್ಟಲೆ ತೋರಿಸಿದರು. ಅಕ್ಕನಿಗೆ ಬೇಸರವಾಗಿರಬೇಕೆಂದು, "ಕಂಡುಹಿಡಿದದ್ದು ನೀವು ಅಂತ ನಾನೇ ಹೇಳ್ತೇನೆ ಅಕ್ಕ, ಅಷ್ಟು ಸಣ್ಣ ಶಬ್ದ ನಿಮಗೆ ಹೇಗೆ ಗೊತ್ತಾಯ್ತು?" ಎಂದೆ.

ಅವರು ಬೇಡವೆಂದು ಕೈ ಆಡಿಸಿದರು. "ಇಪ್ಪತ್ತು ವರ್ಷ ಅವರ ಸ್ವರ ಕೇಳಿಯೇ ಆ ದಿನ ಹೇಗೆ ಅಂತ ತಿಳ್ಕೊಂಡವಳು ನಾನು. ಗೇರ್‌ಬಾಕ್ಸ್ ಎಂತ ಮಹಾ."

ಕಡಬದ ಚೇಟ

ಅರವತ್ತನೇ ಇಸವಿ ದಾಟಿದ ಮೇಲೆ ಹಿಂದಿನ ಚಕ್ರಗಳ ನಡುವಿನ ಗೇರಿನ ಡಬ್ಬಿ ಊಳಿಡತೊಡಗಿತು. ಅದಕ್ಕೆ ಸಾಮಾನು ಬೊಂಬಾಯಿಯಲ್ಲೂ ಇರಲಿಲ್ಲ. ವಕೀಲರು ಕಾರು ಮಾರಲು ಹೊರಟರು. ಬಂದ ದಲಾಲಿ, ಡಬ್ಬಿಯೊಳಗೆ ಮರದ ಹುಡಿಯನ್ನು ದಪ್ಪ ಎಣ್ಣೆಯಲ್ಲಿ ಕಲಸಿ ತುಂಬಿಸಿದರೆ ಒಂದು ತಿಂಗಳು ಶಬ್ದ ಬರುವುದಿಲ್ಲ ಎಂದ. ಅದು ನನಗೂ ಗೊತ್ತಿತ್ತು, ಯಾರಿಗೂ ಮಾಡಿಕೊಟ್ಟಿರಲಿಲ್ಲ. ಆಗುವುದಿಲ್ಲ ಎಂದೆ.

ವಕೀಲರು ಜಗಳ ಮಾಡಲಿಲ್ಲ. ಶೆಡ್ಡಿನ ನಾಲ್ಕು ಮೂಲೆಯನ್ನೂ ನಿಧಾನವಾಗಿ ನೋಡಿ, "ಇಲ್ಲಿ ಒಂದು ಅಂಗಡಿ ಕಟ್ಟಿಸುವ ಅಂತ ಉಂಟು," ಎಂದಷ್ಟೇ ಹೇಳಿ ಹೋದರು. ನನಗೆ ಮನೆಯಲ್ಲಿ ಮೂರು ಮಕ್ಕಳು. ಮರುದಿನ ಮರದ ಮಿಲ್ಲಿನಿಂದ ಒಂದು ಬುಟ್ಟಿ ಹುಡಿ ತಂದೆ. ಸಣ್ಣದಾಗಿ ಜರಡಿ ಹಿಡಿದು, ಅಚ್ಚುಕಟ್ಟಾಗಿಯೇ ತುಂಬಿಸಿದೆ. ಕಾರು ಬೆಕ್ಕಿನ ಹಾಗೆ ನಡೆಯಿತು.

ಕೊಳ್ಳಲು ಬಂದದ್ದು ಕಡಬದ ಕಡೆ ಕಾಡು ಕಡಿದು ರಬ್ಬರ್ ಹಾಕಿದ್ದ, ನಾವೆಲ್ಲ ಚೇಟ ಎಂದು ಕರೆಯುವ ಕೇರಳದ ಕ್ರಿಶ್ಚಿಯನರೊಬ್ಬರು. ಅವರು ಕಾರಿಗೆ ಒಂದು ಸುತ್ತು ಬಂದು ನೇರ ನನ್ನ ಹತ್ತಿರ ನಿಂತರು. ಕಡಬದಿಂದ ಪುತ್ತೂರಿನವರೆಗೆ ಯಾರನ್ನು ಕೇಳಿದರೂ, ಶೆಡ್ಡಿನ ಮೇಸ್ತ್ರಿಯ ಕಿವಿಯೂ ತಪ್ಪುವುದಿಲ್ಲ, ಬಾಯಿಯೂ ತಪ್ಪುವುದಿಲ್ಲ ಎನ್ನುತ್ತಾರಂತೆ. ಹಾಗಾಗಿ ತಾನು ಓಡಿಸಿ ನೋಡುವುದಿಲ್ಲ, ನಾನು ಹೇಳಿದರೆ ಸಾಕಂತೆ.

"ಹಿಂದೆ ಶಬ್ದ ಉಂಟಾ ಮೇಸ್ತ್ರಿ?"

ವಕೀಲರು ಆಕಾಶ ನೋಡುತ್ತಿದ್ದರು. ನನ್ನ ಕಿವಿಯೇ ಬಿಸಿಯಾಯಿತು. "ಈಗ ಇಲ್ಲ," ಎಂದೆ. ಅದು ಸುಳ್ಳಲ್ಲ ಎಂದು ಅಂದು ಸಂಜೆಯವರೆಗೂ ನನಗೆ ನಾನೇ ಹೇಳಿಕೊಂಡೆ.

ಎರಡು ವಾರ ನಿದ್ದೆಯಿಲ್ಲದೆ ಕಳೆದೆ. ಕೊನೆಗೆ ತಡೆಯದೆ, ಆದದ್ದಾಗಲಿ, ನಿಜ ಹೇಳಿಬಿಡುವ ಎಂದು ಕಡಬಕ್ಕೆ ಬಸ್ಸು ಹತ್ತಿದೆ. ಚೇಟರ ಅಂಗಳದಲ್ಲಿ ಕಾರು ಇರಲಿಲ್ಲ. ಹೊಳೆಯ ಬದಿಯಲ್ಲಿ ಅದರ ಎಂಜಿನ್ ಮಾತ್ರ ಮರದ ಚೌಕಟ್ಟಿನ ಮೇಲೆ ಕೂತು ರಬ್ಬರ್ ಗಿಡಗಳಿಗೆ ನೀರು ಎತ್ತುತ್ತಿತ್ತು.

ಚೇಟರು ನಗುತ್ತಾ ಬಂದರು. ಅವರಿಗೆ ಮೊದಲಿನಿಂದಲೂ ಬೇಕಾಗಿದ್ದದ್ದು ಎಂಜಿನ್ ಒಂದೇ. ಹಿಂದಿನ ಭಾಗದ ಬಗ್ಗೆ ನನ್ನಲ್ಲಿ ಕೇಳಿದ್ದು ಅದನ್ನು ಯಾರಿಗಾದರೂ ಕೊಡಬಹುದಾ ಎಂದು ತಿಳಿಯಲು. ನಾನು ಬಾಯಿ ತೆರೆಯುವ ಮೊದಲೇ ಅವರು ತೆಂಗಿನ ಗರಿ ಸರಿಸಿ, ಒರೆಸಿ ಇಟ್ಟಿದ್ದ ಆ ಗೇರಿನ ಡಬ್ಬಿಯನ್ನು ತೋರಿಸಿದರು.

"ದುಡ್ಡಿನವರ ಎದುರು ನಿಂತು ನಿಜ ಹೇಳಿದವರು ನೀವು ಒಬ್ಬರೇ. ಇದು ನಿಮಗೇ ಅಂತ ತೆಗೆದಿಟ್ಟೆ."

ಇಬ್ಬರು ಆಳುಗಳು ಅದನ್ನು ಹೊತ್ತು ತಂದು ಬಸ್ಸಿನ ಮಾಡಿನ ಮೇಲೆ ಹತ್ತಿಸಿದರು. ಚೇಟರು ಕೈ ಮುಗಿದರು, ನಾನೂ ಮುಗಿದೆ. ಪುತ್ತೂರು ಮುಟ್ಟುವವರೆಗೆ ಬಸ್ಸಿನಲ್ಲಿದ್ದವರೆಲ್ಲ, ಅಷ್ಟು ಭಾರದ್ದರ ಒಳಗೆ ಎಂತ ಉಂಟು ಎಂದು ಕೇಳಿದರು. ಅಷ್ಟು ಜನರಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವ ನಾನೊಬ್ಬನೇ.