ನಮ್ಮನೆಯ ಗುಡಿಸಲು ರಂಗವೇರಿದ್ದು

"ಈ ಸಲ ಶಹಾಪುರದ ಮಂದಿ ನಾಟಕ ಕಿವಿಲೆ ಅಲ್ಲ, ಕಣ್ಣಿಲೆ ಕೇಳಬೇಕು!" ಎಂದು ನಾನು, ಕಾಳಿನ ದಲಾಲಿ ನಡೆಸುವ ಅಡತ್ ಅಂಗಡಿಯ ಗುಮಾಸ್ತ ಜಗದೇವಪ್ಪ, ನಾಟಕ ಸಂಘದ ಸಭೆಯಲ್ಲಿ ಮೇಜು ಗುದ್ದಿ ಸಾರಿದೆ. ಕಾಲುವೆ ಬಂದ ಮೇಲೆ ಒಂದೊಂದು ಊರೂ ಎರಡೆರಡು ಊರಾಗಿದೆ. ಅದನ್ನು ಬಾಯಲ್ಲಿ ಹೇಳುವುದೇಕೆ? ರಂಗದ ಎಡಕ್ಕೆ ಹೊಲಕ್ಕೆ ನೀರು ಹತ್ತಿದವನ ಮಹಡಿ ಮನೆ, ಬಲಕ್ಕೆ ನೀರು ಮುಟ್ಟದವನ ಗುಡಿಸಲು. ಪರದೆ ಎದ್ದೊಡನೆ ಜನ ಅಳಬೇಕು!

ಸಾಹುಕಾರನ ಮನೆ ಚಿಟಿಕೆ ಹೊಡೆಯುವುದರಲ್ಲಿ ಎದ್ದಿತು. ಸೋಫಾ ಕೊಡಲು ಇಬ್ಬರು ಜಗಳಾಡಿದರು. ಫ್ಯಾನು, ಟೀವಿ ಕೇಳದೆಯೇ ಬಂದವು. ಆದರೆ ಗುಡಿಸಲಿಗೆ?

"ಉಸ್ಮಾನಸಾಬ, ನಿಮ್ಮ ಮನ್ಯಾಗ ಹರಕ ಕೌದಿ ಅದ ಏನ್ರಿ?"

"ಯಾಕ್ರಿ, ನಾವೇನು ಭಿಕಾರಿಗಳಾ? ಬೇಕಾದ್ರ ಹೊಸ ರಜಾಯಿ ಒಯ್ರಿ!"

ಊರೆಲ್ಲ ಸುತ್ತಿದೆ. ಬಡತನ ಯಾರ ಮನೆಯಲ್ಲೂ ಸಿಗಲಿಲ್ಲ!

ನಾಟಕದ ದಿನ ಹೆಂಡತಿ ದೇವಕಮ್ಮ, ಸಗರದಿಂದ ಬರುವ ತನ್ನ ಅಣ್ಣ ಗೊಲ್ಲಾಳಪ್ಪನನ್ನು ಎದುರುಗೊಳ್ಳಲು ಬಸ್‌ಸ್ಟ್ಯಾಂಡಿಗೆ ಹೋದಳು. ಅಣ್ಣ ಬರುವನೆಂದರೆ ಅವಳದೊಂದು ಪದ್ಧತಿ. ಪಕ್ಕದ ಕುಬ್ರಾಬೇಗಂ ಮನೆಯ ಜಮಖಾನೆ, ತಾಟುಗಳನ್ನು ತಂದು ಜೋಡಿಸಿ, ನಮ್ಮ ಹಳೆಯದನ್ನೆಲ್ಲ ಹಿಂದಿನ ಕೋಣೆಗೆ ನೂಕುತ್ತಾಳೆ. ಅವನಿಗೆ ಕಾಲುವೆ ನೀರು ಹತ್ತಿದೆ, ಟ್ರ್ಯಾಕ್ಟರ್ ಬಂದಿದೆ. "ನಮಗೇನು ಕಮ್ಮಿ ಅದ ಅಣ್ಣಾ?" ಎನ್ನುವುದೊಂದೇ ಅವಳ ಹಟ.

ಹಿಂದಿನ ಕೋಣೆಯಲ್ಲಿ ಹೇಗೂ ಬಿದ್ದಿವೆಯಲ್ಲ! ತೇಪೆ ಮೇಲೆ ತೇಪೆಯ ಕೌದಿ, ಮುಚ್ಚಳ ಮುರಿದ ಟ್ರಂಕು, ಸೊಟ್ಟ ಕೊಡ. ನನ್ನ ಮನೆಗೆ ನಾನೇ ಕನ್ನ ಹಾಕಿದೆ. ಗುಡಿಸಲು ತುಂಬಿತು. ಇನ್ನೂ ಸ್ವಲ್ಪ ಮನೆಯಲ್ಲೇ ಉಳಿಯಿತು!

ಪರದೆ ಎದ್ದಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸೈಡ್ ಪರದೆಯ ಮರೆಯಲ್ಲಿ ನಾನು ಉಬ್ಬಿಹೋದೆ! ಅಷ್ಟರಲ್ಲಿ ಮುಂದಿನ ಸಾಲಿನಿಂದ ಗೊಲ್ಲಾಳಪ್ಪ ಎದ್ದ.

"ದೇವಕಿ, ಇದು ಅವ್ವ ನಿನಗ ಹೊಲಿದುಕೊಟ್ಟ ಕೌದಿ ಅಲ್ಲೇನು? ಟ್ರಂಕ ನಾನೇ ಕೊಡಿಸಿದ್ದು!"

ಪಕ್ಕದಲ್ಲೇ ಕೂತಿದ್ದ ದೇವಕಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ನಮ್ಮ ಕಡೆ ನಾಟಕದ ನಡುವೆಯೇ ನೆಂಟರು ರಂಗ ಹತ್ತಿ ಪಾತ್ರಧಾರಿಗೆ ಆಯೇರಿ ಎಂದು ಉಡುಗೊರೆ ಕೊಡುವುದು, ಅದನ್ನು ಮೈಕಿನಲ್ಲಿ ಕೂಗಿಸುವುದು ರೂಢಿ. ಗೊಲ್ಲಾಳಪ್ಪ ರಂಗ ಹತ್ತಿ ಮೈಕ್ ಹಿಡಿದಿದ್ದ ಪರಮಣ್ಣನ ಕಿವಿಯಲ್ಲಿ ಏನೋ ಹೇಳಿದ. ಪರಮಣ್ಣ ಶಹಾಪುರವೆಲ್ಲ ಕೇಳುವಂತೆ ಒದರಿದ:

"ಸಗರದ ಗೊಲ್ಲಾಳಪ್ಪನವರು, ತಂಗಿ ದೇವಕಮ್ಮನ ಬಡ ಸಂಸಾರಕ್ಕ, ಜ್ವಾಳದ ಚೀಲ, ಹೊಸಾ ಹಾಸಿಗಿ ಆಯೇರಿ ಮಾಡ್ಯಾರ!"

ಚಪ್ಪಾಳೆಯೋ ಚಪ್ಪಾಳೆ! ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದೆಂದರೆ ಇದೇ. ನನಗೆ ಪರದೆಯಲ್ಲೇ ಸುತ್ತಿಕೊಂಡು ಸಾಯೋಣ ಅನ್ನಿಸಿತು.

ಮರುದಿನ ಟ್ರ್ಯಾಕ್ಟರಿನಲ್ಲಿ ಜೋಳ ಬಂದು ಇಳಿಯಿತು. ಓಣಿಯೆಲ್ಲ ಬಾಗಿಲಿಗೆ ಬಂದು ನೋಡಿತು. ದೇವಕಮ್ಮ ಜಮಖಾನೆ ಮಡಚಿ ಕುಬ್ರಾಬೇಗಂಗೆ ವಾಪಸು ಕೊಟ್ಟು ಬಂದಳು. ಬಯ್ಯಲಿಲ್ಲ, ಅಳಲೂ ಇಲ್ಲ. ನನಗೆ ಅದೇ ತಡೆಯಲಾಗಲಿಲ್ಲ.

"ಎಲ್ಲಾರೂ ಸೆಟ್ಟಿಂಗ್ ಭಾಳ ಛಲೋ ಆಗ್ಯಾದ ಅಂದ್ರು..." ಎಂದೆ ಮೆಲ್ಲಗೆ.

"ಯಾಕ ಅನ್ನಂಗಿಲ್ರಿ?" ಎಂದಳು. "ಇಷ್ಟ ವರ್ಷ ಅಣ್ಣನ ಮುಂದ ನಾ ಮುಚ್ಚಿಟ್ಟಿದ್ದೆ. ನೀವು ಲೈಟ್ ಹಾಕಿ ತೋರಿಸಿದ್ರಿ."