ಎಂಟು ಗಂಟೆಯ ಮಾತ್ರೆ

ಎಲ್ಲ ಅನಾಹುತಕ್ಕೂ ಕಾರಣ ಒಂದು ಮಾತ್ರೆ. ಗಾತ್ರದಲ್ಲಿ ಅಂಗಿಯ ಗುಂಡಿಗಿಂತ ಚಿಕ್ಕದು, ಬಣ್ಣ ತಿಳಿ ಗುಲಾಬಿ, ಕೆಲಸ ರಕ್ತವನ್ನು ತೆಳುವಾಗಿಸುವುದು. ಏಳು ತಿಂಗಳ ಹಿಂದೆ ಬೀಗದಣ್ಣನ ಎದೆ ತೆರೆದು, ಹೃದಯ ರಿಪೇರಿ ಮಾಡಿ, ಮತ್ತೆ ಮುಚ್ಚಿದ ಡಾಕ್ಟರು ಹೇಳಿದ್ದರು: "ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು. ಮರೀಬಾರದು." ಹಾಗೆಂದು ಫೈಲಿನ ಮೇಲೆ ಕೆಂಪಕ್ಷರದಲ್ಲಿ ಬರೆದೂ ಬಿಟ್ಟಿದ್ದರು. ಊರಿನ ಅರ್ಧ ಬಾಗಿಲುಗಳ ಬೀಗ ರಿಪೇರಿ ಮಾಡಿದ್ದ ಬೀಗದಣ್ಣನಿಗೆ ಆ ಡಾಕ್ಟರ ಕೈಗುಣ ಬಹಳ ಹಿಡಿಸಿತ್ತು. ತೆರೆಯೋದು ಯಾರಿಗಾದರೂ ಬರತ್ತೆ, ತೆರೆದದ್ದೇ ಗೊತ್ತಾಗದ ಹಾಗೆ ಮುಚ್ಚೋದು ಕಷ್ಟ, ಅನ್ನುತ್ತಾ ಬಂದವರಿಗೆಲ್ಲ ಅಂಗಿ ಬಿಚ್ಚಿ ಗಾಯದ ಗೆರೆ ತೋರಿಸುತ್ತಿದ್ದ.

ಹೆಂಡತಿಗೆ ಗಂಡನ ಮರೆವು ಗೊತ್ತಿತ್ತು. ಊರಿಗೆಲ್ಲ ಕೀಲಿಕೈ ಮಾಡಿಕೊಡುವ ಮನುಷ್ಯ ತನ್ನ ಅಂಗಡಿಯ ಕೀಲಿಕೈಯನ್ನು ವಾರಕ್ಕೆರಡು ಸಲ ಕಳೆದುಕೊಂಡು, ತನ್ನ ಬೀಗವನ್ನು ತಾನೇ ಕಳ್ಳನ ಹಾಗೆ ತಂತಿ ಹಾಕಿ ತೆಗೆಯುತ್ತಿದ್ದ. ಆದ್ದರಿಂದ ಅವಳು ಕಟ್ಟಡದ ಮೆಟ್ಟಿಲ ಮೇಲೆ ನಿಂತು, "ಎಂಟು ಗಂಟೆಗೆ ಇವರು ಕಣ್ಣಿಗೆ ಬಿದ್ರೆ ಮಾತ್ರೆ ಆಯ್ತಾ ಅಂತ ಒಂದು ಮಾತು ಕೇಳಿಬಿಡಿ" ಅಂದುಬಿಟ್ಟಳು. ಇನ್ನೊಬ್ಬರನ್ನು ಪ್ರಶ್ನೆ ಕೇಳುವ ಕೆಲಸ, ಅದೂ ಹೆಂಡತಿಯ ಅಪ್ಪಣೆ ಸಮೇತ. ಯಾರು ಬೇಡ ಅನ್ನುತ್ತಾರೆ?

ಎದುರು ಮನೆಯ ಟೈಲರಕ್ಕ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೇಳುತ್ತಿದ್ದಳು. ಮೇಲಿನ ಮನೆಯಲ್ಲಿ ಕಾಂಪೌಂಡರ್ ಇದ್ದರು. ಮೂವತ್ತೆಂಟು ವರ್ಷ ದವಾಖಾನೆಯಲ್ಲಿ ಮಾತ್ರೆ ಎಣಿಸಿ, ನಿವೃತ್ತರಾದ ಮೇಲೆ ಎಣಿಸಲು ಏನೂ ಸಿಗದೆ ಬಡವಾಗಿದ್ದ ಅವರು ಇದಕ್ಕೆಂದೇ ಒಂದು ಜೇಬುಪುಸ್ತಕ ಇಟ್ಟರು. ದಿನಾಂಕ, ಗಂಟೆ, ಪಕ್ಕದಲ್ಲೊಂದು ಗುರುತು. ಮನೆಯೊಳಗೆ ಅತ್ತೆ. ಆಪರೇಶನ್ನಿನ ವಾರ ಮಗಳ ಸಹಾಯಕ್ಕೆಂದು ಬಂದವರು, ಅಳಿಯ ಪೂರ್ತಿ ಗುಣವಾಗುವ ತನಕ ಕದಲುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಹೀಗೆ ಏಳು ತಿಂಗಳು ನಡೆದಾಗ ಬೀಗದಣ್ಣನ ಬಾಯಲ್ಲಿ ಒಂದು ಉತ್ತರ ಕೂತುಬಿಟ್ಟಿತು: "ಆಯ್ತಾಯ್ತು!" ಒಳ್ಳೆಯ ಸ್ಪ್ರಿಂಗ್ ಬೀಗದ ಹಾಗೆ, ಮುಟ್ಟಿದರೆ ಸಾಕು, ಟಕ್.

ಆಮೇಲೆ ಬಂತು ಕೊಲೊನೋಸ್ಕೋಪಿ. ಐವತ್ತು ದಾಟಿದವರು ಒಮ್ಮೆ ಮಾಡಿಸಿಕೊಳ್ಳಲೇಬೇಕಾದ ಮಾಮೂಲಿ ಪರೀಕ್ಷೆ, ಹಿಂಬಾಗಿಲಿನಿಂದ ಪುಟ್ಟ ಕ್ಯಾಮರಾ ಕಳಿಸಿ ಕರುಳೆಲ್ಲ ನೋಡುತ್ತಾರೆ, ಮತ್ತಿನಲ್ಲಿ ಏನೂ ಗೊತ್ತಾಗುವುದಿಲ್ಲ ಎಂದರು ಹೊಟ್ಟೆಯ ಡಾಕ್ಟರು. ಹೃದಯದ ಡಾಕ್ಟರು ಒಂದೇ ಮಾತು ಹೇಳಿದರು: "ಮೂರು ದಿನ ಆ ಮಾತ್ರೆ ನಿಲ್ಲಿಸಿ. ಆದ್ರೆ ಒಂದೇ ಸಲಕ್ಕೆ ಮುಗಿಸ್ಕೊಂಡು ಬನ್ನಿ. ಪದೇ ಪದೇ ನಿಲ್ಲಿಸೋ ವಿಷಯ ಅಲ್ಲ ಇದು."

ನಿಲ್ಲಿಸುವ ಹಿಂದಿನ ದಿನ ಬೀಗದಣ್ಣ ಮೆಟ್ಟಿಲ ಮೇಲೆ ಸುಮ್ಮನೆ ಕೇಳಿ ನೋಡಿದ: "ಸಾರ್, ಯಾರಾದ್ರೂ ಈ ಮಾತ್ರೆ ಮೂರು ದಿನ ಬಿಟ್ರೆ ಏನಾಗತ್ತೆ?"

ಕಾಂಪೌಂಡರ್ ಕನ್ನಡಕ ತೆಗೆದರು. ಹಾಗೆ ಬಿಟ್ಟಿದ್ದ ನಾಲ್ಕು ಜನರನ್ನು ಅವರು ಬಲ್ಲವರಾಗಿದ್ದರು. ಯಾರು ಎಲ್ಲಿ ಬಿದ್ದರು ಎನ್ನುವುದನ್ನೂ ವಿವರವಾಗಿ ಹೇಳಿದರು. ಒಬ್ಬ ಕ್ಷೌರದ ಕುರ್ಚಿಯಲ್ಲೇ ಅಂತೆ. "ಅರ್ಧ ಗಡ್ಡ ಹಾಗೇ ಇತ್ತಯ್ಯಾ."

ಇದನ್ನು ಕೇಳಿದ ಗಂಡಹೆಂಡಿರು ಬಾಗಿಲು ಹಾಕಿಕೊಂಡು ತೀರ್ಮಾನಿಸಿದರು. ಯಾರಿಗೂ ಹೇಳುವುದು ಬೇಡ. ಅತ್ತೆಗಂತೂ ಬೇಡವೇ ಬೇಡ, ಅಳಲು ಶುರುಮಾಡಿದರೆ ನಿಲ್ಲಿಸುವ ಬೀಗ ಯಾರ ಹತ್ತಿರವೂ ಇಲ್ಲ. ಕೇಳಿದವರಿಗೆಲ್ಲ "ಆಯ್ತಾಯ್ತು" ಅಂದರಾಯಿತು. ಮೂರೇ ದಿನ.

ಎರಡು ದಿನ ಸಲೀಸಾಗಿ ಕಳೆಯಿತು. ಮೂರನೆಯದು ಪರೀಕ್ಷೆಯ ದಿನ.

ಬೆಳಿಗ್ಗೆ ಬೀಗದಣ್ಣ ಅಡುಗೆಮನೆಯಲ್ಲಿ ಒಂದು ಜಗ್ಗಿನ ಎದುರು ಕೂತಿದ್ದ. ಜಗ್ಗಿನಲ್ಲಿ ಹೊಟ್ಟೆ ತೊಳೆಯುವ ಪುಡಿ ಕಲಸಿದ ನೀರು. ನಿಂಬೆಹಣ್ಣಿನ ರುಚಿ ಎಂದು ಪೊಟ್ಟಣದ ಮೇಲೆ ಬರೆದಿತ್ತು. ನಿಂಬೆಹಣ್ಣನ್ನು ಜೀವಮಾನದಲ್ಲಿ ಕಾಣದೆ, ಅದರ ಸುದ್ದಿ ಮಾತ್ರ ಕೇಳಿದ ಯಾರೋ ಮಾಡಿದ್ದಿರಬೇಕು. ಹಿಂದಿನ ಸಂಜೆ ಒಂದು ಜಗ್ಗು ಆಗಿತ್ತು. ಈಗ ಎರಡನೆಯದರ ತಳ ಕಂಡಿತ್ತು.

"ಇನ್ನೊಂದು ಸಲ ಇದನ್ನ ಕುಡಿ ಅಂದ್ರೆ," ಅವನು ಹೆಂಡತಿಗೆ ಹೇಳಿದ, "ಎದೇನ ಇನ್ನೊಂದು ಸಲ ತೆರೆದುಕೊಳ್ಳಿ ಅಂತೀನಿ. ಇದು ಮಾತ್ರ ಬೇಡ."

"ಇವತ್ತಿಗೆ ಮುಗೀತಲ್ಲ ರೀ. ಗಟಗಟ ಕುಡಿದುಬಿಡಿ."

ಕುಡಿದ. ಹೊಟ್ಟೆಯೊಳಗೆ ಯಾರೋ ಮನೆ ಬದಲಾಯಿಸುತ್ತಿರುವಂಥ ಸದ್ದಾಯಿತು. ಬೀರು ಎಳೆದರು, ಪಾತ್ರೆ ಉರುಳಿಸಿದರು. ಎದ್ದು ಓಡಿದ. ಬಚ್ಚಲಿನ ಬಾಗಿಲು ಹಾಕಿತ್ತು. ಆ ಮನೆಗೆ ಇದ್ದುದು ಒಂದೇ ಬಚ್ಚಲು, ಸ್ನಾನಕ್ಕೂ ಉಳಿದದ್ದಕ್ಕೂ.

"ಅತ್ತೇ!"

ಒಳಗೆ ನೀರಿನ ಸದ್ದು ನಿಂತಿತು. "ಗಂಟೆ ಎಂಟಾಯ್ತಲ್ಲ, ಅಳಿಯಂದ್ರೇ. ಮಾತ್ರೆ ಆಯ್ತಾ?"

"ಆಯ್ತಾಯ್ತು! ನೀವು ಬೇಗ ಬನ್ನಿ!"

"ಈಗಿನ್ನೂ ತಲೆಗೆ ಸೀಗೆಪುಡಿ ಹಚ್ಚಿದ್ದೀನಿ. ಆತುರ ಪಡಬೇಡಿ, ನಿಮ್ಮ ಹೃದಯಕ್ಕೆ ಒಳ್ಳೇದಲ್ಲ."

ಬೀಗದಣ್ಣ ಕಾಲಿಗೆ ಕಾಲು ಹೆಣೆದುಕೊಂಡು, ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡವನ ಮುಖ ಮಾಡಿಕೊಂಡು, ಹೊರಬಾಗಿಲಿಗೆ ಬಂದ. ಎದುರಿಗೆ ತನ್ನ ಮನೆಯ ಮುಚ್ಚಿದ ಬಾಗಿಲ ಮುಂದೆ ಟೈಲರಕ್ಕ ನಿಂತಿದ್ದಳು.

"ದೇವರು ಬಂದ ಹಾಗೆ ಬಂದ್ರಿ ಬೀಗದಣ್ಣ! ಕಸ ಹಾಕೋಕೆ ಆಚೆ ಬಂದೆ, ಗಾಳಿಗೆ ಬಾಗಿಲು ಬಡಕೊಳ್ತು, ಕೀಲಿಕೈ ಒಳಗೇ ಇದೆ. ಇವತ್ತು ನಿಮಗೆ ಪರೀಕ್ಷೆ, ತೊಂದರೆ ಕೊಡಬಾರದು ಅಂತ ನಿಂತ್ಕೊಂಡಿದ್ದೆ. ಅಂದ ಹಾಗೆ, ಮಾತ್ರೆ..."

"ಆಯ್ತಾಯ್ತು! ನಿಮ್ಮ ಬಚ್ಚಲು ಖಾಲಿ ಇದೆಯಾ?"

"ಒಳಗೆ ಯಾರಿದ್ದಾರೆ ಅಣ್ಣ, ಒಬ್ಬಳೇ ಇರೋದು ನಾನು..."

ಅವಳ ಬ್ಲೌಸಿನ ಅಂಚಿಗೆ ಸಿಕ್ಕಿಸಿದ್ದ ಪಿನ್ನನ್ನು ಕಿತ್ತುಕೊಂಡು ಬೀಗದಣ್ಣ ಬಾಗಿಲ ಮುಂದೆ ಮಂಡಿಯೂರಿದ. ಮೂವತ್ತು ವರ್ಷದ ಕಸುಬಿನಲ್ಲಿ ಅವನು ಇಂಥ ಬೀಗವನ್ನು ಐದು ನಿಮಿಷದೊಳಗೆ ತೆಗೆದದ್ದಿಲ್ಲ. ಅವತ್ತು ಹನ್ನೊಂದು ಸೆಕೆಂಡು. ಬಾಗಿಲು ತೆರೆಯಿತು. ಟೈಲರಕ್ಕ "ನಿಮಗೆ ಎಷ್ಟು ಉಪಕಾರ..." ಎನ್ನುವಷ್ಟರಲ್ಲಿ ಬೀಗದಣ್ಣ ಅವಳನ್ನು ದಾಟಿ, ಹೊಲಿಗೆ ಮೆಶೀನನ್ನು ಹಾರಿ, ಒಳಗೆ ಮಾಯವಾಗಿ ಚಿಲಕ ಹಾಕಿಕೊಂಡಿದ್ದ.

ಇಪ್ಪತ್ತು ನಿಮಿಷದ ಮೇಲೆ, ಎರಡು ಕಿಲೋ ಹಗುರಾಗಿ ಹೊರಬಂದಾಗ ಮೆಟ್ಟಿಲ ಮೇಲೆ ಕಾಂಪೌಂಡರ್ ನಿಂತಿದ್ದರು. ಒಂದು ಕೈಯಲ್ಲಿ ಕಾರಿನ ಕೀಲಿಕೈ, ಇನ್ನೊಂದರಲ್ಲಿ ಜೇಬುಪುಸ್ತಕ.

"ನಿಮ್ಮ ಮನೆ ಅದಲ್ವಲ್ಲಯ್ಯಾ."

"ಬೀಗ ರಿಪೇರಿ ಸಾರ್."

"ಹೂಂ. ಮಾತ್ರೆ?"

"ಆಯ್ತಾಯ್ತು."

"ಎಷ್ಟು ಗಂಟೆಗೆ?"

"ಎಂಟಕ್ಕೆ ಸಾರ್."

"ನೀರಿನ ಜೊತೆ?"

"ಎರಡು ಜಗ್ಗು," ಅಂದ ಬೀಗದಣ್ಣ. ಅಷ್ಟಾದರೂ ನಿಜ ಹೇಳಿದ ಸಮಾಧಾನ ಅವನಿಗೆ. ಕಾಂಪೌಂಡರ್ ಬರೆದುಕೊಂಡು ಗುರುತು ಹಾಕಿದರು.

ಆಸ್ಪತ್ರೆಗೆ ಗಂಡಹೆಂಡತಿ ಇಬ್ಬರೇ ಹೋಗುವುದೆಂದಿತ್ತು. ಕಾರು ನನ್ನದಿದೆ ಎಂದರು ಕಾಂಪೌಂಡರ್. ಕಾರಿನಲ್ಲಿ ಜಾಗ ಇದೆಯಲ್ಲ ಎಂದರು ಒದ್ದೆ ಕೂದಲಿನ ಅತ್ತೆ. ಬೀಗ ತೆಗೆದುಕೊಟ್ಟ ಋಣ ಇದೆ ಎಂದಳು ಟೈಲರಕ್ಕ. ಐದು ಜನ ತುಂಬಿದ ಆ ಹಳೆಯ ಕಾರು ರಸ್ತೆಯ ಪ್ರತಿ ಗುಂಡಿಯನ್ನೂ ಮಾತಾಡಿಸಿಕೊಂಡು ಹೋಯಿತು. ಪ್ರತಿ ಗುಂಡಿಗೂ ಬೀಗದಣ್ಣ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಜಗತ್ತಿನ ಅತ್ಯಂತ ಗಟ್ಟಿಯಾದ ಬೀಗಗಳನ್ನು ನೆನೆಯುತ್ತಿದ್ದ.

ಆಸ್ಪತ್ರೆಯಲ್ಲಿ ಹೆಂಡತಿ ಫೈಲು ಹಿಡಿದು ಕೌಂಟರಿನ ಸಾಲಿಗೆ ಹೋದಳು. ಬೀಗದಣ್ಣನಿಗೆ ಒಂದು ಹಸಿರು ಗೌನು ಕೊಟ್ಟು ಕೋಣೆ ತೋರಿಸಿದರು. ಹಾಕಿಕೊಂಡು ಹೊರಬಂದವನು ಗೋಡೆಗೆ ಬೆನ್ನು ಅಂಟಿಸಿ ಹಲ್ಲಿಯ ಹಾಗೆ ಸರಿದ.

"ಯಾಕೆ ಹಾಗೆ ನಡೀತೀರಿ ಅಣ್ಣ?"

"ಹಿಂದೆ ಪೂರ್ತಿ ತೆರೆದಿದೆ ಅಕ್ಕ."

"ತಿರುಗಿ ನೋಡೋಣ."

"ಬೇಡಕ್ಕ."

"ಟೈಲರ್ ಹತ್ರ ಎಂಥ ನಾಚಿಕೆ, ತಿರುಗಿ!" ಟೈಲರಕ್ಕ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ಕರ್ಮವೇ! ಹಿಂದಿನ ಹೊಲಿಗೇನೇ ಹಾಕಿಲ್ಲ. ಇಷ್ಟು ದೊಡ್ಡ ಆಸ್ಪತ್ರೆ, ಇಷ್ಟು ಅವಸರದ ಕೆಲಸ!" ಬ್ಯಾಗಿನಿಂದ ಸೂಜಿದಾರ ಬಂತು. ಬೀಗದಣ್ಣ ಗೋಡೆ ಹಿಡಿದು ನಿಂತ. ಅವಳು ಕುತ್ತಿಗೆಯಿಂದ ಮಂಡಿಯ ತನಕ ಒತ್ತಾಗಿ, ಎರಡೆಳೆ ದಾರದಲ್ಲಿ ಹೊಲಿದು, ಗಂಟು ಹಾಕಿ, ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿದಳು. "ಈಗ ಮರ್ಯಾದಸ್ಥರ ಹಾಗೆ ಕಾಣ್ತೀರಿ" ಎಂದರು ಅತ್ತೆ.

ಒಳಗೆ ಮಂಚದ ಮೇಲೆ ಮಗ್ಗುಲಾಗಿ ಮಲಗಿದ ಮರ್ಯಾದಸ್ಥನನ್ನು ಸಿಸ್ಟರ್ ಎರಡು ಸಲ ಸುತ್ತಿ ಬಂದಳು.

"ಇದು ತೆರೆಯೋದು ಎಲ್ಲಿ?"

"ಎದುರು ಮನೆಯವರು ಹೊಲಿದುಬಿಟ್ರು ಸಿಸ್ಟರ್."

ಸಿಸ್ಟರ್ ಕತ್ತರಿ ತಂದಳು. ಅರ್ಧ ಕತ್ತರಿಸಿ ನಿಂತಳು. "ಕೈ ಬಹಳ ಚೆನ್ನಾಗಿದೆ. ಬ್ಲೌಸು ಹೊಲೀತಾರಾ?" ವಿಳಾಸ ಬರೆದುಕೊಂಡ ಮೇಲೆ ಉಳಿದರ್ಧ ಕತ್ತರಿಸಿದಳು. ಆಮೇಲೆ ಒಂದು ಹಾಳೆ ಹಿಡಿದು ಪ್ರಶ್ನೆಗಳ ಸುರಿಮಳೆ. ವಯಸ್ಸೆಷ್ಟು, ಕೊನೆಗೆ ನೀರು ಕುಡಿದದ್ದು ಯಾವಾಗ, ಕಟ್ಟಿಸಿದ ಹಲ್ಲು ಇದೆಯಾ, ಅದು, ಇದು. ಬೆನ್ನಿಗೆ ತಣ್ಣನೆ ಗಾಳಿ ಹೊಡೆಯುತ್ತಿದ್ದ ಬೀಗದಣ್ಣ ಎಲ್ಲಕ್ಕೂ ಪಟಪಟನೆ ಉತ್ತರ ಕೊಟ್ಟು ಮುಗಿಸಿದ. ಕೈಗೆ ಸೂಜಿ ಚುಚ್ಚಿದರು. ಮುಗೀತು, ಇನ್ನು ಜನ್ಮದಲ್ಲಿ ಜಗ್ಗು ಮುಟ್ಟುವುದಿಲ್ಲ, ಎಂದುಕೊಳ್ಳುತ್ತಾ ಹತ್ತಿಯ ಮೂಟೆಯೊಳಗೆ ಬಿದ್ದ ಹಾಗೆ ನಿದ್ದೆಗೆ ಬಿದ್ದ.

ಎಚ್ಚರವಾದಾಗ ಹೆಂಡತಿಯೂ ಡಾಕ್ಟರೂ ಎದುರಿಗಿದ್ದರು.

"ಗಾಬರಿ ಪಡೋಂಥದ್ದು ಏನೂ ಇಲ್ಲ," ಡಾಕ್ಟರು ನಕ್ಕರು. "ಒಂದೇ ಒಂದು ಪಾಲಿಪ್ ಇದೆ. ಕರುಳಿನ ಗೋಡೆಗೆ ಪುಟ್ಟ ಅಣಬೆ ಎದ್ದ ಹಾಗೆ. ಅದನ್ನ ಕತ್ತರಿಸಿ ತೆಗೀಬೇಕು ಅಷ್ಟೆ."

"ತೆಗೆದ್ರಲ್ಲ ಸಾರ್?"

"ಎಲ್ಲಿ ತೆಗೆಯೋದು? ರಕ್ತ ತೆಳುವಾಗಿರೋವಾಗ ಕತ್ತರಿಸಿದ್ರೆ ನಿಲ್ಲೋದೇ ಇಲ್ಲ. ನೋಡಿ ಹಾಗೇ ಬಿಟ್ಟಿದ್ದೀನಿ."

"ಮೂರು ದಿನದಿಂದ ಮಾತ್ರೆ ಮುಟ್ಟಿಲ್ಲ ಸಾರ್!" ಹೆಂಡತಿ ಕೂಗಿದಳು.

ಡಾಕ್ಟರು ಹಾಳೆ ತೆಗೆದರು. "ರಕ್ತ ತೆಳುವಾಗೋ ಮಾತ್ರೆ ಇವತ್ತು ಬೆಳಿಗ್ಗೆ ತಗೊಂಡ್ರಾ ಅಂತ ಸಿಸ್ಟರ್ ಇವರನ್ನ ಕೇಳಿದ್ದಾರೆ. ಏನಂದ್ರಿ ನೀವು?"

ಬೀಗದಣ್ಣ ಯೋಚಿಸುವ ಮೊದಲೇ ಬಾಯಿ ತೆರೆದುಕೊಂಡಿತು. ಟಕ್. "ಆಯ್ತಾಯ್ತು!"

"ಹ್ಞಾಂ. ಹಾಗೇ ಅಂದಿದ್ದೀರಿ. ಆದ್ರೂ ನಂಗೆ ಅನುಮಾನ. ಭಯದಲ್ಲಿ ಪೇಶಂಟು ಏನೋ ಅಂದಿರಬಹುದು, ಮನೆಯವರನ್ನ ಕೇಳ್ಕೊಂಡು ಬನ್ನಿ ಅಂತ ಸಿಸ್ಟರನ್ನ ಆಚೆ ಕಳಿಸ್ದೆ. ಮೂರು ಜನ ಕೂತಿದ್ರಂತೆ. ಒಬ್ಬರು, ನನ್ನ ಅಳಿಯ ಒಂದು ಹೊತ್ತೂ ತಪ್ಪಿಸಲ್ಲ, ನಾನೇ ಕೇಳಿದ್ದೀನಿ ಅಂದ್ರಂತೆ. ಇನ್ನೊಬ್ಬರು, ಬಾಗಿಲ ಮುಂದೆ ನಿಂತು ನನಗೂ ಹೇಳಿದ್ರು ಅಂದ್ರಂತೆ. ಮೂರನೆಯವರ ಹತ್ರ ಬರೆದೇ ಇಟ್ಟಿದೆ. ಎಂಟು ಗಂಟೆ, ಎರಡು ಜಗ್ಗು ನೀರಿನ ಜೊತೆ. ಮೂರು ದಿನದ್ದೂ ಇದೆ, ಒಂದು ಹೊತ್ತೂ ಬಿಟ್ಟಿಲ್ಲ. ಇಷ್ಟು ಅಚ್ಚುಕಟ್ಟಾಗಿ ನಮ್ಮ ವಾರ್ಡಿನಲ್ಲೂ ಬರೆಯಲ್ಲ."

ಹೆಂಡತಿ ಕುರ್ಚಿಯಲ್ಲಿ ಕುಸಿದಳು. ಅವಳು ಆಗ ಕೌಂಟರಿನ ಸಾಲಿನಲ್ಲಿ ಏಳನೆಯವಳಾಗಿ ನಿಂತಿದ್ದಳು.

"ಈಗ್ಲೇ ಇನ್ನೊಂದ್ಸಲ ಮಾಡಿಬಿಡಿ ಸಾರ್," ಬೀಗದಣ್ಣ ಮಗ್ಗುಲಾದ. "ಹೊಲಿಗೆ ಬಿಚ್ಚೇ ಇದೆ."

"ಮತ್ತಿನ ಮದ್ದು ಇಳಿದಿದೆ, ಒಳಗೆ ಮುಂದಿನ ಪೇಶಂಟು ಮಲಗಿದ್ದಾರೆ. ಇವತ್ತು ಸಂಜೆಯಿಂದ ಮಾತ್ರೆ ಶುರು ಮಾಡಿ. ಹೃದಯದ ಡಾಕ್ಟ್ರ ಹತ್ರ ನಾನೇ ಮಾತಾಡ್ತೀನಿ, ಎರಡು ತಿಂಗಳು ಬಿಟ್ಟು ಮತ್ತೆ ಬನ್ನಿ. ಆ ಪುಡಿ ಈಗ ಕಿತ್ತಳೆ ರುಚಿಯಲ್ಲೂ ಸಿಗತ್ತೆ."

ವಾಪಸು ಬರುವಾಗ ಕಾರಿನಲ್ಲಿ ನಿಜ ಹೊರಬಿತ್ತು. ಅತ್ತೆ ಮೊದಲ ತಿರುವಿನಲ್ಲಿ ಶುರು ಮಾಡಿದ ಅಳು ಮನೆಯ ತನಕ ಬಂತು. "ಬಚ್ಚಲಿನಲ್ಲಿರೋ ಮುದುಕಿಗೆ ಸುಳ್ಳು ಹೇಳೋದಾ!" ಟೈಲರಕ್ಕ ಗೌನಿಗೆ ಖರ್ಚಾದ ದಾರವನ್ನು ನೆನೆದು ನಿಟ್ಟುಸಿರಿಟ್ಟಳು. ಕಟ್ಟಡದ ಮುಂದೆ ಕಾರು ನಿಲ್ಲಿಸಿದ ಮೇಲೆ ಕಾಂಪೌಂಡರ್ ಜೇಬುಪುಸ್ತಕವನ್ನು ಅಂಗೈಯಲ್ಲಿ ಸವರುತ್ತಾ ಹೇಳಿದರು: "ಮೂವತ್ತೆಂಟು ವರ್ಷದಲ್ಲಿ ಒಂದು ಮಾತ್ರೆ ಲೆಕ್ಕ ತಪ್ಪಿರಲಿಲ್ಲ ಕಣಯ್ಯಾ. ಐದು ತಪ್ಪಿಸ್ದೆ ನೀನು."

ಸಂಜೆ ಸರಿಯಾಗಿ ಎಂಟಕ್ಕೆ ಬೀಗದಣ್ಣ ಆ ಗುಲಾಬಿ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಒಂದು ಲೋಟ ಬರೀ ನೀರು ಕುಡಿದ. ನೀರು ಇಷ್ಟು ರುಚಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಇನ್ನು ಮೇಲೆ ಯಾರಿಗೂ ಸುಳ್ಳು ಹೇಳುವುದಿಲ್ಲ ಎಂದು ನಿರ್ಧರಿಸಿದ. ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ಕಾಂಪೌಂಡರ್. ಅವರ ಹೆಗಲ ಹಿಂದಿನಿಂದ ಟೈಲರಕ್ಕ ಇಣುಕುತ್ತಿದ್ದಳು. ಅಡುಗೆಮನೆಯಿಂದ ಅತ್ತೆಯೂ ಕೈ ಒರೆಸಿಕೊಂಡು ಬಂದರು.

"ಮಾತ್ರೆ?"

"ಆಯ್ತಾಯ್ತು ಸಾರ್," ಅಂದ ಬೀಗದಣ್ಣ, ಮೂರು ದಿನದಲ್ಲಿ ಮೊದಲ ಸಲ ಎದೆ ಸೆಟೆಸಿ. "ಸತ್ಯವಾಗಿ ಆಯ್ತು!"

ಮೂವರೂ ಮುಖ ಮುಖ ನೋಡಿಕೊಂಡರು.

"ಬೆಳಿಗ್ಗೆ ನನಗೂ ಹಿಂಗೇ ಅಂದಿದ್ರು," ಅಂದಳು ಟೈಲರಕ್ಕ.

"ಇದೇ ಧ್ವನಿ," ಅಂದರು ಅತ್ತೆ.

ಕಾಂಪೌಂಡರ್ ಜೇಬಿನಿಂದ ಟಾರ್ಚು ತೆಗೆದರು. "ಬಾಯಿ ತೆಗಿ."

"ನುಂಗಿದ್ದೀನಿ ಸಾರ್, ಹೇಗೆ ಕಾಣತ್ತೆ?"

"ಕೆನ್ನೆಯೊಳಗೆ ಒತ್ತಿಟ್ಟುಕೊಂಡೋರನ್ನ ಬೇಕಾದಷ್ಟು ನೋಡಿದ್ದೀನಿ. ತೆಗಿ ಅಂದ್ನಲ್ಲ. ನಾಲಿಗೆ ಎತ್ತು."

ಬೀಗದಣ್ಣ ಹೆಂಡತಿಯ ಕಡೆ ನೋಡಿದ. ಅವಳು ಕಿತ್ತಳೆ ರುಚಿಯ ಎರಡು ಪೊಟ್ಟಣಗಳನ್ನು ಕಪಾಟಿನಲ್ಲಿ ಜೋಪಾನವಾಗಿ ಇಡುತ್ತಿದ್ದಳು. ಬೇರೆ ದಾರಿ ಕಾಣದೆ ಅವನು ಬಾಯಿ ತೆರೆದ. ಟಾರ್ಚಿನ ಬೆಳಕು ಗಂಟಲಿನ ತನಕ ಇಳಿಯಿತು. ಬೆಳಿಗ್ಗೆ ಆ ಕಡೆಯಿಂದ ನೋಡಿ ಮುಗಿಸಿದ್ದರು, ಈಗ ಈ ಕಡೆಯಿಂದ ಶುರುವಾಗಿತ್ತು. ಈ ಸಲ ಮತ್ತಿನ ಸೂಜಿಯೂ ಇರಲಿಲ್ಲ.

"ಇನ್ನೂ ಅಗಲ," ಅಂದರು ಕಾಂಪೌಂಡರ್.