ನಂಜಪ್ಪನ ಅಮೆರಿಕದ ಗಿಟಾರು

ನಂಜಪ್ಪನ ತಿಥಿಯ ಊಟದಲ್ಲಿ ಎರಡನೇ ಸಲ ಪಾಯಸ ಬರುವ ಹೊತ್ತಿಗೆ ಮೋಹನ್‌ಕುಮಾರ್ ಹೇಳಬಾರದ ಮಾತೊಂದನ್ನು ಹೇಳಿಬಿಟ್ಟ. ಅವನು ಚನ್ನರಾಯಪಟ್ಟಣದ ಆರ್ಕೆಸ್ಟ್ರಾದ ಯಜಮಾನ. ನಂಜಪ್ಪ ಅವನ ತಂಡದಲ್ಲಿ ಗಿಟಾರು ನುಡಿಸುತ್ತಿದ್ದವನು.

"ಎಂಥಾ ಕೈ ಸಾ ಅವರ್ದು. ಆ ಜಪಾನಿನ ಕಾಪಿ ಗಿಟಾರಲ್ಲೇ ಅಂಗೆ ನುಡಿಸ್ತಿದ್ರು. ಅಮೆರಿಕದ ಒರಿಜಿನಲ್ ಸಿಕ್ಕಿದ್ರೆ ಇನ್ನೇನ್ ಮಾಡ್ತಿದ್ರೋ."

ಪಕ್ಕದ ಎಲೆಯಲ್ಲಿ ಕೂತಿದ್ದ ಚಂದ್ರಶೇಖರಯ್ಯ ಮೇಷ್ಟ್ರ ತುತ್ತು ಕೈಯಲ್ಲೇ ನಿಂತಿತು.

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರಿಗೆ ಕಟ್ಟಾಯದ ನಂಜಪ್ಪ ಹಾಸನದ ಕಾಲೇಜಿನ ದಿನಗಳಿಂದ ಗೆಳೆಯ. ಒಂದೇ ರೂಮು, ಒಂದೇ ಸೀಮೆಎಣ್ಣೆ ಸ್ಟೌವು, ಪರೀಕ್ಷೆಯಲ್ಲಿ ಒಂದೇ ಉತ್ತರ. (ಉತ್ತರ ಮೇಷ್ಟ್ರದು.) ಆ ಗಿಟಾರಿನ ಪೂರ್ವಚರಿತ್ರೆಯನ್ನು ನಂಜಪ್ಪ ಅವರಿಗೆ ವರ್ಷಾನುಗಟ್ಟಲೆ ಹೇಳುತ್ತ ಬಂದಿದ್ದ. ಬೇಲೂರು ನೋಡಲು ಬಂದ ಅಮೆರಿಕದವನೊಬ್ಬ ದಾರಿಯ ಮದುವೆ ಮನೆಯಲ್ಲಿ ಇವನ ವಾದನ ಕೇಳಿ, ಬೆರಗಾಗಿ, ತನ್ನ ಹೆಗಲ ಮೇಲಿದ್ದುದನ್ನೇ ತೆಗೆದು ಕೊಟ್ಟು ಹೋಗಿದ್ದನಂತೆ. ಹೇಳಿದಾಗಲೆಲ್ಲ ಆ ಅಮೆರಿಕದವನು ಒಂದಂಗುಲ ಎತ್ತರವಾಗುತ್ತಿದ್ದ. ನಂಜಪ್ಪ ಆಸ್ಪತ್ರೆಯ ಮಂಚದ ಮೇಲೆ, ಮೂಗಿನಲ್ಲಿ ನಳಿಗೆ ಇಟ್ಟುಕೊಂಡು ಕೊನೆಯ ಸಲ ಹೇಳಿದಾಗ ಆ ಅಮೆರಿಕದವನು ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರಬೇಕಾಗಿತ್ತು.

ಅಂಥವನು ಸುಳ್ಳುಗಾರನೇ? ಸತ್ತವನು ಎದ್ದು ಬಂದು ಉತ್ತರ ಕೊಡಲಾರ. ಹೀಗಾಗಿ ಉತ್ತರ ಬರೆಯುವ ಕೆಲಸ ಈಗಲೂ ಮೇಷ್ಟ್ರ ಪಾಲಿಗೇ ಬಂತು.

ಮುಂದಿನ ತಿಂಗಳು ಹಾಸನದ ಛತ್ರವೊಂದರಲ್ಲಿ ನಂಜಪ್ಪನ ನೆನಪಿಗೆ ಸಂಗೀತ ಸಂಜೆ ಎಂದು ನಿಶ್ಚಯವಾಗಿತ್ತು. ಗಿಟಾರನ್ನು ವೇದಿಕೆಯ ಮೇಲಿಟ್ಟು ಹಾರ ಹಾಕುವುದು, ಮೇಷ್ಟ್ರು ನಾಲ್ಕು ಮಾತಾಡುವುದು. ಆ ನಾಲ್ಕು ಮಾತಿನಲ್ಲಿ ಇದು ಅಮೆರಿಕದ್ದೇ ಎಂದು ಸಪ್ರಮಾಣವಾಗಿ ಸಾಬೀತುಪಡಿಸುತ್ತೇನೆಂದು ಮೇಷ್ಟ್ರು ಸಂಕಲ್ಪ ಮಾಡಿ, ನಂಜಪ್ಪನ ಹೆಂಡತಿ ಲಕ್ಕಮ್ಮನನ್ನು ಕೇಳಿ, ಗಿಟಾರನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದರು.

ಅಲ್ಲಿಂದ ಮನೆಯಲ್ಲಿ ಸಂಶೋಧನಾ ಪರ್ವ ಆರಂಭವಾಯಿತು. ಶಾಲೆಯ ಪ್ರಯೋಗಾಲಯದ ಭೂತಗನ್ನಡಿ ಬಂತು. ದೇವರ ಮನೆಯ ಮುಂದೆ ಚಾಪೆ ಹಾಸಿ, ಗಿಟಾರನ್ನು ಅಂಗಾತ ಮಲಗಿಸಿ, ಮೇಷ್ಟ್ರು ಅದರ ಮೇಲೆ ಬಗ್ಗಿದರೆ ರಾತ್ರಿಯ ಅನ್ನ ಆರುವವರೆಗೂ ಏಳುತ್ತಿರಲಿಲ್ಲ.

"ನನ್ನ ಮೂಗುಬೊಟ್ಟು ವಜ್ರವೋ ಗಾಜೋ ಅಂತ ಒಂದಿನ ಕಣ್ಣೆತ್ತಿ ನೋಡಿದೋರಲ್ಲ" ಎಂದರು ಹೆಂಡತಿ ಹಂಸ. "ಈ ಮರದ ತುಂಡಿಗೆ ಭೂತಗನ್ನಡಿ."

"ನಿನ್ನ ಮೂಗುಬೊಟ್ಟಿನ ಬಗ್ಗೆ ಯಾರೂ ಅನುಮಾನ ಎತ್ತಿಲ್ಲ."

"ನಾನೇ ಎತ್ತಿದ್ದೀನಿ. ಮದುವೆಯಾದಾಗಿನಿಂದ."

ಮೇಷ್ಟ್ರು ಹಾಸನದ ಸೈಬರ್ ಸೆಂಟರಿಗೂ ಹೋಗಿ ಬಂದರು. ಇಂಟರ್‌ನೆಟ್ಟು ಆಗಿನ್ನೂ ಹಾಸನಕ್ಕೆ ಹೊಸ ಅಳಿಯ. ಬರುವುದೇ ನಿಧಾನ, ಬಂದರೂ ಯಾವಾಗ ಮುನಿಸಿಕೊಂಡು ಹೋಗುವುದೋ ತಿಳಿಯದು. ಮೋಹನ್‌ಕುಮಾರ್ ಒರಿಜಿನಲ್ ಎಂದಿದ್ದ ಅಮೆರಿಕದ ಹೆಸರಾಂತ ಗಿಟಾರಿನ ಚಿತ್ರ ಪರದೆಯ ಮೇಲೆ ತಲೆಯಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯತೊಡಗಿತು. ತಲೆ ಬಂತು: ತೆರೆದಿಟ್ಟ ಪುಸ್ತಕದಂಥ ಅದೇ ಆಕಾರ. ತಂತಿ ಬಿಗಿಯುವ ಕಿವಿಗಳು ಬಂದವು: ಆ ಕಡೆ ಮೂರು, ಈ ಕಡೆ ಮೂರು, ಅವೇ. ಕತ್ತಿನ ಮೇಲೆ ಹುದುಗಿಸಿದ ಮುತ್ತಿನ ಚಿಪ್ಪಿನ ತುಂಡುಗಳು, ಅವೂ ಅವೇ. ಮೇಷ್ಟ್ರು ಕುರ್ಚಿಯಲ್ಲೇ ಅರ್ಧ ಎದ್ದು ನಿಂತರು. ಚಿತ್ರ ಭುಜಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಹೋದರೆ ಹೋಗಲಿ, ಇನ್ನೇನು ಬೇಕು? ತಲೆ ಅಮೆರಿಕದ್ದಾದ ಮೇಲೆ ಕಾಲು ಅರಕಲಗೂಡಿನದಾಗಿರಲು ಸಾಧ್ಯವೇ? ಅಂದು ಅವರು ಹೊಳೆನರಸೀಪುರದ ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ.

ಸಂಭ್ರಮಕ್ಕೆ ಗಿಟಾರಿಗೊಂದು ಅಭ್ಯಂಜನ ಆಗಲೆಂದು ಹಿಂಬದಿಯ ತಗಡಿಗೆ ಹುಣಸೇಹಣ್ಣು ಹಾಕಿ ಉಜ್ಜಿದರು. ಕತ್ತನ್ನು ಒಡಲಿಗೆ ಸೇರಿಸಿ ನಾಲ್ಕು ತಿರುಪು ಬಿಗಿದಿರುವ, ಬೆಂಕಿಪೊಟ್ಟಣದಷ್ಟಿರುವ ಉಕ್ಕಿನ ತಗಡು. ವರ್ಷಗಟ್ಟಲೆ ಕೂತಿದ್ದ ಕೊಳೆ ಕರಗಿ ಇಂಗ್ಲಿಷ್ ಅಕ್ಷರಗಳು ಎದ್ದವು. ಹಂಸ ಬಗ್ಗಿ, ನಿಧಾನವಾಗಿ, ಅತಿ ಸ್ಪಷ್ಟವಾಗಿ ಓದಿದರು: "ಮೇಡ್ ಇನ್ ಜಪಾನ್."



ತಗಡು ಮಾತ್ರ ಜಪಾನಿನದಿರಬಹುದೆಂದು ಮೇಷ್ಟ್ರು ವಾದಿಸಿದರು. ನಮ್ಮ ಸ್ಕೂಟರಿಗೆ ಚನ್ನರಾಯಪಟ್ಟಣದ ಕನ್ನಡಿ ಹಾಕಿಸಿಲ್ಲವೇ, ಹಾಗೆ. ಹಂಸ ಒಳಹೋಗಿ ಕಾಫಿ ತಂದುಕೊಟ್ಟರು. ಕಾಫಿಗಿಂತ ಲೋಟ ಮೇಷ್ಟ್ರ ಕಣ್ಣು ತೆರೆಸಿತು. ಅದರ ಮೇಲೆ 'ದಿ. ಚನ್ನಬಸವಯ್ಯನವರ ಜ್ಞಾಪಕಾರ್ಥ' ಎಂದು ಕೆತ್ತಿತ್ತು. ಯಾರದೋ ಪುಣ್ಯತಿಥಿಯಲ್ಲಿ ಹಂಚಿದ್ದು.

ಮರುದಿನ ಮೇಷ್ಟ್ರು ನಾಲ್ಕು ತಿರುಪು ಬಿಚ್ಚಿ, ತಗಡನ್ನು ಕರವಸ್ತ್ರದಲ್ಲಿ ಸುತ್ತಿ, ಪಾತ್ರೆ ಅಂಗಡಿಗೆ ಹೋದರು. ಅಂಗಡಿಯವನು ಅಕ್ಷರಗಳನ್ನು ಚಕ್ರಕ್ಕೆ ಹಿಡಿದು ಸವೆಸಿ, ಕನ್ನಡಿಯಂತೆ ಹೊಳಪು ಕೊಟ್ಟು, ಲೋಟ-ತಟ್ಟೆಗಳಿಗೆ ಹೆಸರು ಕೊರೆಯುವ ಸೂಜಿಯಿಂದ ಗುರ್‌ರ್ ಎನ್ನಿಸುತ್ತ ಕೆತ್ತಿಕೊಟ್ಟ: 'ದಿ. ನಂಜಪ್ಪನವರ ಜ್ಞಾಪಕಾರ್ಥ'. ಕೊನೆಗೆ ಅವನ ಪದ್ಧತಿಯಂತೆ ಒಂದು ಹೂವನ್ನೂ ಬಿಡಿಸಿದ. ಸಾಕ್ಷ್ಯನಾಶ ವಿಜ್ಞಾನಕ್ಕೆ ಸಲ್ಲದು, ನಿಜ. ಆದರೆ ಸ್ನೇಹ ಯಾವ ಸಿಲೆಬಸ್ಸಿನಲ್ಲೂ ಇಲ್ಲ.

ಸಂಗೀತ ಸಂಜೆಯ ದಿನ ವೇದಿಕೆಯ ಹಿಂದೆ ಮೋಹನ್‌ಕುಮಾರ್ ಗಿಟಾರನ್ನು ಎತ್ತಿ ತಿರುಗಿಸಿದ. ಹೊಳಪಿಗೆ ಕಣ್ಣು ಕಿರಿದು ಮಾಡಿಕೊಂಡ. ಮೇಷ್ಟ್ರು ಉಬ್ಬಿದ ಎದೆಯಿಂದ, ತಲೆ ಕತ್ತುಗಳನ್ನೆಲ್ಲ ತಾವೇ ತಾಳೆ ನೋಡಿದ್ದಾಗಿ ಹೇಳಿ, ಇದು ಅಪ್ಪಟ ಅಮೆರಿಕದ್ದೆಂದು ಘೋಷಿಸಿದರು.

"ತಲೆನ ಯಾರು ಬೇಕಾದ್ರೂ ಕಾಪಿ ಮಾಡ್ತಾರೆ ಸಾ" ಎಂದ ಮೋಹನ್‌ಕುಮಾರ್. "ಬೆನ್ನು ನೋಡ್ಬೇಕು. ಈ ಗಿಟಾರು ಅಮೆರಿಕದ್ದಾದ್ರೆ ಕತ್ತನ್ನ ಗೋಂದಾಕಿ ಅಂಟಿಸಿರ್ತಾರೆ. ಅದ್ಕೆ ಪ್ಲೇಟೇ ಇರಲ್ಲ."

ಮೇಷ್ಟ್ರು ಹೂವು ಬಿಡಿಸಿದ ಪ್ಲೇಟನ್ನು ನೋಡಿದರು.

ಮೋಹನ್‌ಕುಮಾರ್ ಸಮಾಧಾನ ಮಾಡಲು ಹೊರಟು ಇನ್ನೂ ಕೆಡಿಸಿದ. ಎಪ್ಪತ್ತರ ದಶಕದ ಜಪಾನಿನವರ ಕೈಗೆಲಸ ಬಲು ಅಚ್ಚುಕಟ್ಟಂತೆ. ಆ ಕಾಪಿಗಳನ್ನು ಈಗ ಅಮೆರಿಕದವರೇ ಹುಡುಕಿಕೊಂಡು ಅಲೆಯುತ್ತಾರಂತೆ. ಎಷ್ಟೋ ಗಿಟಾರುಗಳಿಗೆ ಗುರುತು ಅಂತ ಇರುವುದು ತಗಡಿನ ಮೇಲಿನ ಆ ಅಕ್ಷರಗಳೇ. ಅವಿಲ್ಲದಿದ್ದರೆ ಯಾವ ಊರಿನ ಕಾಪಿಯೋ ಏನೋ ಎಂದು ಯಾರೂ ತಿರುಗಿ ನೋಡುವುದಿಲ್ಲವಂತೆ. "ಇದ್ರಲ್ಲಿ ಅಕ್ಸರ ಇತ್ತಲ್ಲ ಸಾ. ಹೊಸದ್ರಲ್ಲಿ ನಾನೇ ನೋಡಿದ್ದೆ. ಎಲ್ಲೋಯ್ತು?"

ಮೇಷ್ಟ್ರು ಉತ್ತರ ಗೊತ್ತಿಲ್ಲದ ಹುಡುಗರು ನೋಡುವಂತೆ ಸೂರು ನೋಡಿದರು. ಗೆಳೆಯನ ಮಾತು ಉಳಿಸಲು ಹೋಗಿ ಗೆಳೆಯನ ಗಿಟಾರಿನ ಮಾನವನ್ನೂ ಅವರೇ ಸಾಣೆ ಹಿಡಿಸಿದ್ದರು. ಅಲ್ಲೇ ಕೂತಿದ್ದ ಲಕ್ಕಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿ, ನಂಜಪ್ಪನನ್ನು ನಾಲ್ಕು ಜನರ ಮುಂದೆ ಸುಳ್ಳುಗಾರನನ್ನಾಗಿ ಮಾಡಿಬಿಟ್ಟೆ, ತಪ್ಪಾಯಿತು ಎಂದರು.

ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಮೇಷ್ಟ್ರು ತಿಳಿದರು. ಅವರು ನಗುತ್ತಿದ್ದರು. ಗಂಡ ಹೋದ ಮೇಲೆ ಮೊದಲ ಸಲ.

"ಅದು ಜಪಾನಿಂದು ಅಂತ ನಮ್ಮಟ್ಟಿ ಎಮ್ಮೆಗೂ ಗೊತ್ತಿತ್ತು ಕಣಣ್ಣ. ಬೆಂಗ್ಳೂರಲ್ಲಿ ಯಾವ್ದೋ ಬ್ಯಾಂಡ್ನೋರು ಮಾರ್ತಿದ್ರು ಅಂತ ತಂದಿದ್ದು."

"ಮತ್ತೆ ಆ ಅಮೆರಿಕದವನು?"

"ಅವ್ನು ನಿಮಗೊಬ್ಬರಿಗೇ. ಬ್ಯಾಡ ಕಣ್ರೀ, ಪಾಪ ಮೇಷ್ಟ್ರು ಅಂತ ನಾನೂ ಯೋಳ್ದೆ. ಅದ್ಕವರು, ಊರೋರ್ಗೆಲ್ಲ ಯೋಳುದ್ರೆ ನಗ್ತಾರೆ ಕಣೆ, ಚಂದ್ರು ಒಬ್ನೇ ಬಾಯ್ ಬುಟ್ಕಂಡು ಕೇಳೋನು, ಆ ಮೊಕ ನೋಡಕ್ಕೇಂತ್ಲೇ ಯೋಳ್ತೀನಿ ಅನ್ನೋರು. ಆಸ್ಪತ್ರೇಲೂವೆ, ನೀವು ಬತ್ತೀರಿ ಅಂದ್ರೆ ದಿಂಬಿಗೆ ಒರಗಿ ಕೂತ್ಕಳೋರು."

ಹಂಸ ಹತ್ತಿರ ಬಂದು ಮೇಷ್ಟ್ರ ತೋಳು ಹಿಡಿದರು.

"ಈಗಲೂ ಹಾಗೇ ಬಾಯಿ ಬಿಟ್ಟುಕೊಂಡು ನಿಂತಿದ್ದೀರಿ. ಬಾಯಿ ಮುಚ್ಚಿ, ನಡೀರಿ. ಮಾತಾಡೋಕೆ ಮೈಕಲ್ಲಿ ಕರೀತಿದಾರೆ."